ರೆಫ್ಯೂಜಿಯಂ ಎಲ್ಲಿಡಬೇಕು? ಮನೆಯ ರೀಫ್ ಟ್ಯಾಂಕಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹವಳದ ಟ್ಯಾಂಕ್ ಇಟ್ಟವರು, ಇಡಬೇಕು ಅಂದುಕೊಂಡವರು ನನ್ನನ್ನು ಜಾಸ್ತಿ ಕೇಳುವುದು ಇದೊಂದೇ ವಿಷಯ. ನನ್ನದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ 120×50×50 ಸೆಂಟಿಮೀಟರ್ ಟ್ಯಾಂಕ್, ಅಂದರೆ ಸುಮಾರು 300 ಲೀಟರ್. ರೆಫ್ಯೂಜಿಯಂ ಅನ್ನು ಹಿಂದೆ ನೇತುಹಾಕಿ ನೋಡಿದ್ದೇನೆ, ಮೇಲೆ ಇಟ್ಟು ನೋಡಿದ್ದೇನೆ, ಈಗ ಕೆಳಗೆ ಸಂಪಿನಲ್ಲಿ ಇಟ್ಟಿದ್ದೇನೆ. ಈ ಉತ್ತರಗಳು ಆ ಓಡಾಟದಿಂದ ಬಂದವು.

ರೆಫ್ಯೂಜಿಯಂ ಅಂದರೆ ಏನು? ಅದು ಬೇರೆಯಾಗಿಯೇ ಯಾಕಿರಬೇಕು?

ಮುಖ್ಯ ಟ್ಯಾಂಕಿನ ನೀರೇ ಓಡಾಡುವ, ಆದರೆ ಮೀನುಗಳು ಬಾಯಿ ಹಾಕಲಾರದ ಒಂದು ಪ್ರತ್ಯೇಕ ಕೋಣೆ. ಅಲ್ಲಿ ಎರಡು ಬೆಳೆ ತೆಗೆಯುತ್ತೇವೆ. ಒಂದು ಪಾಚಿ. ಅದು ನೀರಿನ ನೈಟ್ರೇಟ್, ಫಾಸ್ಫೇಟ್ ತಿಂದು ಬೆಳೆಯುತ್ತದೆ. ಬೆಳೆದದ್ದನ್ನು ನಾವು ಕಿತ್ತು ಹೊರಗೆ ಹಾಕಿದರೆ ಆ ಕಸವೂ ಟ್ಯಾಂಕಿನಿಂದ ಹೊರಗೆ ಹೋದ ಹಾಗೆ. ಇನ್ನೊಂದು ಕೋಪಿಪಾಡ್, ಆಂಫಿಪಾಡ್‌ನಂಥ ಪುಟ್ಟ ಜೀವಿಗಳು. ಇವನ್ನೆಲ್ಲ ಸೇರಿಸಿ ನಾವು ಪಾಡ್ಸ್ ಅನ್ನುತ್ತೇವೆ. ಅವು ಅಲ್ಲಿ ನಿಶ್ಚಿಂತೆಯಿಂದ ಮರಿ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮುಖ್ಯ ಟ್ಯಾಂಕಿಗೆ ಹೋಗಿ ಮೀನಿಗೆ, ಹವಳಕ್ಕೆ ಆಹಾರವಾಗುತ್ತವೆ. ದಿನವಿಡೀ ಪಾಡ್ಸ್ ಹೆಕ್ಕುತ್ತಾ ತಿರುಗುವ ಮ್ಯಾಂಡರಿನ್ ಮೀನು ಸಾಕುವವರಿಗೆ ಇದು ಬೇಕೇ ಬೇಕು. ಚಿಕ್ಕ ಟ್ಯಾಂಕಿನಲ್ಲಿ ಆ ಮೀನು ಕಣ್ಣೆದುರೇ ಸೊರಗುತ್ತದೆ.

ಇಡಲು ಯಾವ ಯಾವ ಜಾಗಗಳಿವೆ?

ನಮ್ಮ ಮನೆಗಳ ನೀರಿನ ವ್ಯವಸ್ಥೆ ನೆನಪು ಮಾಡಿಕೊಂಡರೆ ಸುಲಭ. ನೆಲದಡಿ ಸಂಪ್, ಮಾಳಿಗೆ ಮೇಲೆ ಓವರ್‌ಹೆಡ್ ಟ್ಯಾಂಕ್, ನಡುವೆ ಮೋಟಾರ್. ರೀಫ್ ಟ್ಯಾಂಕಿನಲ್ಲೂ ಸಂಪ್ ಅಂದರೆ ಸ್ಟ್ಯಾಂಡಿನ ಕೆಳಗಿರುವ ಎರಡನೇ ಟ್ಯಾಂಕ್. ಮೇಲಿನ ನೀರು ತಾನಾಗಿ ಕೆಳಗಿಳಿಯುತ್ತದೆ, ರಿಟರ್ನ್ ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ರೆಫ್ಯೂಜಿಯಂ ಅನ್ನು ಈ ಸಂಪಿನೊಳಗೆ ಒಂದು ಭಾಗವಾಗಿ ಮಾಡಬಹುದು. ಡಿಸ್‌ಪ್ಲೇ ಟ್ಯಾಂಕಿಗಿಂತ, ಅಂದರೆ ಮುಖ್ಯ ಟ್ಯಾಂಕಿಗಿಂತ, ಮೇಲೆ ಇಡಬಹುದು. ಪಕ್ಕದಲ್ಲಿ ಇಡಬಹುದು. ಹಿಂದಿನ ಗಾಜಿಗೆ ನೇತುಹಾಕಬಹುದು. ಬೇರೆ ರೂಮಿಗೂ ಒಯ್ಯಬಹುದು.

ಮೊದಲ ಸಲ ಮಾಡುತ್ತಿದ್ದೇನೆ. ಒಂದೇ ಮಾತಲ್ಲಿ ಹೇಳಿ, ಎಲ್ಲಿಡಲಿ?

ಸಂಪ್ ಇದ್ದರೆ ಸಂಪಿನಲ್ಲಿ. ಆದರೆ ಒಂದು ಷರತ್ತು. ಅಲ್ಲಿಗೆ ನಿಮ್ಮ ಎರಡೂ ಕೈ ಮೊಣಕೈವರೆಗೆ ಆರಾಮಾಗಿ ಹೋಗಬೇಕು. ಪಾಚಿ ಬೆಳೆದರೆ ಸಾಲದು, ಅದನ್ನು ಕೀಳಬೇಕು. ಕೀಳದೆ ಬಿಟ್ಟರೆ ಒಳಗಿನದು ಬೆಳಕಿಲ್ಲದೆ ಕೊಳೆತು, ತಿಂದದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತದೆ. ಬಗ್ಗಿ, ತಲೆ ತೂರಿಸಿ, ಲೈಟ್ ಬಿಚ್ಚಿ ಕೀಳಬೇಕಾದ ಜಾಗದಲ್ಲಿಟ್ಟರೆ ಮೊದಲ ತಿಂಗಳು ಉತ್ಸಾಹದಿಂದ ಮಾಡುತ್ತೀರಿ, ಆಮೇಲೆ ಮುಂದಿನ ವಾರ, ಮುಂದಿನ ವಾರ ಅಂತ ತಳ್ಳುತ್ತೀರಿ. ಸಂಪಿನ ಅಂಚಿನಿಂದ ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಕನಿಷ್ಠ 30 ಸೆಂಟಿಮೀಟರ್ ಖಾಲಿ ಬಿಡಿ. ಕಾರ್ಪೆಂಟರಿಗೆ ಸ್ಟ್ಯಾಂಡಿನ ಅಳತೆ ಕೊಡುವ ಮೊದಲೇ ಇದನ್ನು ಲೆಕ್ಕ ಹಾಕಿ. ಬಾಗಿಲಿನ ನಡುವಿನ ಕಂಬ ಎಲ್ಲಿ ಬರುತ್ತದೆ ಅಂತಲೂ ನೋಡಿ. ಅದು ಸರಿಯಾಗಿ ರೆಫ್ಯೂಜಿಯಂ ಎದುರಿಗೇ ಬಂದರೆ ಪ್ರತಿ ವಾರ ಮಣಿಕಟ್ಟು ಉಜ್ಜಿಕೊಳ್ಳುವುದೇ ಕೆಲಸ.

ಸಂಪಿನೊಳಗೆ ಸ್ಕಿಮ್ಮರ್ ಮೊದಲೋ, ರೆಫ್ಯೂಜಿಯಂ ಮೊದಲೋ?

ಎಲ್ಲರೂ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಇದು. ಸ್ಕಿಮ್ಮರ್ ಅಂದರೆ ಗಾಳಿಗುಳ್ಳೆಗಳಿಂದ ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಸಾಧನ. ಸ್ಕಿಮ್ಮರ್ ಮೊದಲು ಬಂದರೆ ಪಾಚಿಗೆ ಊಟ ಉಳಿಯುವುದಿಲ್ಲ ಅನ್ನುವ ಭಯ ಬೇಡ. ಸ್ಕಿಮ್ಮರ್ ನೊರೆಯ ಜೊತೆ ತೆಗೆಯುವುದು ಇನ್ನೂ ಕೊಳೆಯದ ಸಾವಯವ ಕಸವನ್ನು. ನೀರಿನಲ್ಲಿ ಕರಗಿಹೋದ ನೈಟ್ರೇಟನ್ನು ಅದು ಮುಟ್ಟುವುದಿಲ್ಲ. ಪಾಚಿಗೆ ಬೇಕಾದದ್ದು ಆ ನೈಟ್ರೇಟೇ. ಜೊತೆಗೆ ಅದೇ ನೀರು ಗಂಟೆಗೆ ಹಲವು ಸಲ ಸುತ್ತು ಹೊಡೆಯುತ್ತದಲ್ವಾ?

ಸಾಮಾನ್ಯವಾಗಿ ಸಂಪ್ ಒಂದೇ ಸಾಲಿನಲ್ಲಿರುತ್ತದೆ. ಮೊದಲು ಡ್ರೈನ್ ಮತ್ತು ಸ್ಕಿಮ್ಮರ್, ನಡುವೆ ರೆಫ್ಯೂಜಿಯಂ, ಕೊನೆಗೆ ರಿಟರ್ನ್ ಪಂಪ್. ಕಟ್ಟುವುದು ಸುಲಭ. ತೊಂದರೆ ಏನೆಂದರೆ, ಇಡೀ ನೀರು ರೆಫ್ಯೂಜಿಯಂ ಮೂಲಕವೇ ಹಾಯಬೇಕು. ರಿಟರ್ನ್ ಪಂಪ್ ಗಂಟೆಗೆ 1800 ಲೀಟರ್ ತಳ್ಳುತ್ತಿದ್ದು, ನಡುವಿನ ಭಾಗ 40 ಲೀಟರ್ ಇದ್ದರೆ, ಅಲ್ಲಿನ ನೀರು ಗಂಟೆಗೆ 45 ಸಲ ಬದಲಾಗುತ್ತದೆ. ಪಾಚಿ ತಡೆದುಕೊಳ್ಳುತ್ತದೆ. ಮರಳು ಹಾಕಿದರೆ ಕೆದರಿ ಗುಡ್ಡೆಯಾಗುತ್ತದೆ.

ನನಗೆ ಇಷ್ಟವಾದದ್ದು ಇನ್ನೊಂದು ಕ್ರಮ. ಎಡಕ್ಕೆ ಸ್ಕಿಮ್ಮರ್, ಬಲಕ್ಕೆ ರೆಫ್ಯೂಜಿಯಂ, ನಡುವೆ ರಿಟರ್ನ್ ಪಂಪ್. ಎರಡೂ ಕಡೆಯಿಂದ ನೀರು ನಡುವಿಗೆ ಸುರಿಯುತ್ತದೆ. ಕೆಳಗಿಳಿಯುವ ಡ್ರೈನ್ ಪೈಪಿಗೆ T ಆಕಾರದ ಒಂದು ಜಾಯಿಂಟ್ ಹಾಕಿ, ಅದರ ಕವಲಿಗೆ ವಾಲ್ವ್ ಕೂರಿಸಿ, ಬೇಕಾದಷ್ಟೇ ನೀರನ್ನು ರೆಫ್ಯೂಜಿಯಂಗೆ ಬಿಡುವುದು. ನಾನು ಗಂಟೆಗೆ ಅಂದಾಜು 400 ಲೀಟರ್ ಬಿಡುತ್ತೇನೆ. ವಾಲ್ವ್ ಕವಲಿಗೆ ಮಾತ್ರ ಇರಲಿ. ಕವಲು ಕಟ್ಟಿಕೊಂಡರೂ ಉಳಿದ ನೀರಿಗೆ ಇಳಿಯಲು ದಾರಿ ಇರಬೇಕು.

ಯಾವ ಕ್ರಮ ಹಿಡಿದರೂ ಎರಡು ವಿಷಯ ಮರೆಯಬೇಡಿ. ಸ್ಕಿಮ್ಮರಿನ ಭಾಗದಲ್ಲಿ ನೀರಿನ ಮಟ್ಟ ಏರಿಳಿಯಬಾರದು, ಇಲ್ಲದಿದ್ದರೆ ನೊರೆ ಒಂದು ದಿನ ಉಕ್ಕಿ ಒಂದು ದಿನ ಬಾರದೆ ಕಾಡುತ್ತದೆ. ಅಡ್ಡ ಗಾಜು ಆ ಮಟ್ಟ ಹಿಡಿದಿಡುತ್ತದೆ. ಆವಿಯಾಗುವ ನೀರಿನ ಇಳಿತ ರಿಟರ್ನ್ ಭಾಗದಲ್ಲಿ ಮಾತ್ರ ಕಾಣಿಸಬೇಕು. ಇನ್ನೊಂದು, ರೆಫ್ಯೂಜಿಯಂನಿಂದ ನೀರು ಹೊರಬೀಳುವ ಕಡೆ ಪ್ಲಾಸ್ಟಿಕ್ ಜಾಲರಿ ಇರಲಿ. ಪಾಚಿಯ ಎಳೆ ಪಂಪಿನ ರೆಕ್ಕೆಗೆ ಸುತ್ತಿಕೊಂಡರೆ ಪಂಪ್ ನಿಲ್ಲುತ್ತದೆ.

ಮೇಲಿಟ್ಟರೆ ಪಾಡ್ಸ್ ಪಂಪಿಗೆ ಸಿಕ್ಕಿ ಸಾಯುವುದಿಲ್ಲ ಅಂತಾರೆ. ಅದಕ್ಕೆ ಮೇಲೇ ಒಳ್ಳೆಯದಾ?

ಮೇಲಿನಿಂದ ನೀರು ತಾನಾಗಿ ಇಳಿಯುವುದರಿಂದ ಪಾಡ್ಸ್‌ಗೆ ಪೆಟ್ಟಾಗದು, ಅದು ನಿಜ. ಆದರೆ ಪಂಪಿನಲ್ಲಿ ಹಾದರೆ ಎಲ್ಲವೂ ಸಾಯುತ್ತವೆ ಅನ್ನುವುದು ಉತ್ಪ್ರೇಕ್ಷೆ. ಕೋಪಿಪಾಡ್ ಒಂದು ಮಿಲಿಮೀಟರ್ ಆಸುಪಾಸು. ಅದರ ಮರಿ ಇನ್ನೂ ಸಣ್ಣದು. ನೀರಿನ ಜೊತೆಗೇ ರೆಕ್ಕೆಗಳ ನಡುವೆ ಜಾರಿಹೋಗುತ್ತವೆ. ಪೆಟ್ಟು ಬೀಳುವುದು ಹೆಚ್ಚಾಗಿ ದೊಡ್ಡ ಆಂಫಿಪಾಡ್‌ಗಳಿಗೆ.

ಅನುಮಾನ ಇದ್ದರೆ ನೀವೇ ನೋಡಬಹುದು. ನಾನು ಒಂದು ರಾತ್ರಿ ರಿಟರ್ನ್ ಪೈಪಿನ ಬಾಯಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಒಂದು ಗಂಟೆ ಬಿಟ್ಟು, ಬಿಳಿ ಬಟ್ಟಲಿನಲ್ಲಿ ಟ್ಯಾಂಕ್ ನೀರು ಹಾಕಿ ಅದರಲ್ಲಿ ಜಾಲಾಡಿದೆ. ಮೊದಲು ಬರೀ ಗಸಿ ಕಂಡಿತು. ಗಸಿ ತಳಕ್ಕೆ ಕೂತ ಮೇಲೆ ರವೆಯಷ್ಟು ಚಿಕ್ಕ ಚುಕ್ಕೆಗಳು ಕುಪ್ಪಳಿಸುತ್ತಾ ಓಡಾಡುತ್ತಿದ್ದವು. ಎಣಿಸಲು ಹೋದರೆ ನಿಲ್ಲುತ್ತಲೇ ಇರಲಿಲ್ಲ. ಅವತ್ತಿನಿಂದ ನಾನು ಪಾಡ್ಸ್ ಕಾರಣಕ್ಕಾಗಿ ಮೇಲಿಡಿ ಅಂತ ಯಾರಿಗೂ ಹೇಳುತ್ತಿಲ್ಲ.

ಆದರೂ ಮೇಲೇ ಇಡಬೇಕು ಅಂತಿದ್ದೇನೆ. ಏನು ಎಚ್ಚರ ಬೇಕು?

ಡ್ರೈನ್ ಕಟ್ಟಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಮೊದಲು ಯೋಚಿಸಿ. ನನಗೆ ಆದದ್ದನ್ನೇ ಹೇಳುತ್ತೇನೆ. ಮೇಲಿನ ರೆಫ್ಯೂಜಿಯಂಗೆ ಒಂದೇ ಡ್ರೈನ್ ಇಟ್ಟಿದ್ದೆ. ಒಂದು ರಾತ್ರಿ ಪಾಚಿಯ ಉಂಡೆ ತೇಲಿಬಂದು ಅದರ ಬಾಯಿಗೆ ಕೂತಿತು. ಡಿಸ್‌ಪ್ಲೇಯಿಂದ ನೀರೆತ್ತುವ ಪಂಪ್ ತನ್ನ ಪಾಡಿಗೆ ಎತ್ತುತ್ತಲೇ ಇತ್ತು, ನೀರು ಅಂಚು ದಾಟಿ ಹೊರಗೆ ಇಳಿಯಿತು. ನನಗೆ ಎಚ್ಚರವಾದದ್ದು ರಿಟರ್ನ್ ಪಂಪ್ ಗಾಳಿ ಎಳೆಯುವ ಗೊರಗೊರ ಸದ್ದಿಗೆ. ಎದ್ದು ಬಂದರೆ ಹಾಲಿನ ನೆಲವೆಲ್ಲ ಉಪ್ಪುನೀರು. ಅಷ್ಟೇ ಅಲ್ಲ. ಸಂಪಿನಲ್ಲಿ ನೀರು ಕಡಿಮೆಯಾಯಿತು ಅಂತ ಆಟೊ ಟಾಪ್ ಆಫ್ (ಆವಿಯಾದಷ್ಟು ನೀರನ್ನು ತಾನಾಗಿ ತುಂಬುವ ಸಾಧನ) ಉಪ್ಪಿಲ್ಲದ ಆರ್‌ಒ ನೀರು ತುಂಬುತ್ತಾ ಹೋಗಿ, ಉಪ್ಪಿನ ಅಂಶವೂ ಕುಸಿದಿತ್ತು. ಸ್ಪೆಸಿಫಿಕ್ ಗ್ರಾವಿಟಿ 1.025 ಇರಬೇಕಾದದ್ದು 1.021. ಅದನ್ನು ಮೆಲ್ಲಗೆ ಸರಿಮಾಡಲು ಮೂರು ದಿನ ಹಿಡಿಯಿತು.

ಅದಕ್ಕೇ ಎರಡು ಡ್ರೈನ್ ಇರಲಿ. ಎರಡನೆಯದು ಮೊದಲನೆಯದಕ್ಕಿಂತ ಒಂದೆರಡು ಇಂಚು ಎತ್ತರದಲ್ಲಿ, ಖಾಲಿಯಾಗಿ ಕಾಯುತ್ತಿರಲಿ. ಎರಡಕ್ಕೂ ಅಗಲ ಜಾಲರಿ ಹಾಕಿ. ನೀರು ತರುವ ಪೈಪಿನ ಬಾಯಿ ರೆಫ್ಯೂಜಿಯಂನ ನೀರಿಗಿಂತ ಮೇಲಿರಲಿ. ಮುಳುಗಿದ್ದರೆ ಕರೆಂಟ್ ಹೋದ ಕೂಡಲೇ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲಿನ ರೆಫ್ಯೂಜಿಯಂಗೆ ಸಂಪಿನಿಂದ ನೀರೆತ್ತುವ ಅಗತ್ಯವೂ ಇಲ್ಲ. ಡಿಸ್‌ಪ್ಲೇ ಟ್ಯಾಂಕಿನಿಂದಲೇ ಒಂದು ಚಿಕ್ಕ ಪಂಪಿನಲ್ಲಿ ಎತ್ತಿದರೆ ಎತ್ತರ ಕಮ್ಮಿ, ಕರೆಂಟೂ ಕಮ್ಮಿ.

ಭಾರ ಎಷ್ಟಾಗುತ್ತದೆ? ಗೋಡೆಗೆ ಶೆಲ್ಫ್ ಹೊಡೆಸಿದರೆ ಸಾಕಾ?

60×30×30 ಸೆಂಟಿಮೀಟರ್ ಟ್ಯಾಂಕಿನಲ್ಲಿ 25 ಸೆಂಟಿಮೀಟರ್ ನೀರು ನಿಲ್ಲಿಸಿದರೆ 45 ಲೀಟರ್. ಸಮುದ್ರದ ನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಸುಮಾರು 46 ಕೆಜಿ ಆಯಿತು. ಗಾಜು, ಮರಳು, ಕಲ್ಲು ಸೇರಿದರೆ 65ರಿಂದ 70 ಕೆಜಿ. ದಿನವೂ ನೀರು ಚಿಮ್ಮುವ ಜಾಗದಲ್ಲಿ ಅಷ್ಟು ಭಾರವನ್ನು ಶೆಲ್ಫಿನ ಸ್ಕ್ರೂಗಳ ಮೇಲೆ ಬಿಡಬೇಡಿ, ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ನೆಲದಿಂದ ಎದ್ದ ಸ್ಟ್ಯಾಂಡ್ ಮಾಡಿಸಿ.

ಕರೆಂಟ್ ಹೋದಾಗ ಸಂಪ್ ತುಂಬಿ ಹರಿಯುವುದಿಲ್ಲವಾ?

ಲೆಕ್ಕ ಹಾಕಿ ಕಟ್ಟಿದರೆ ಹರಿಯುವುದಿಲ್ಲ. ಪಂಪ್ ನಿಂತಾಗ ಡಿಸ್‌ಪ್ಲೇಯ ನೀರು ಓವರ್‌ಫ್ಲೋ (ನೀರು ಸಂಪಿಗೆ ಇಳಿಯುವ ದಾರಿ) ಹಲ್ಲಿನ ತಳದವರೆಗೆ ಇಳಿಯುತ್ತದೆ. ರಿಟರ್ನ್ ಪೈಪಿನ ಬಾಯಿ ಅದಕ್ಕಿಂತ ಆಳಕ್ಕಿದ್ದರೆ ಅಲ್ಲಿಯವರೆಗೂ ಇಳಿಯುತ್ತದೆ. ನನ್ನ ಟ್ಯಾಂಕಿನಲ್ಲಿ ಇದು 3 ಸೆಂಟಿಮೀಟರ್. 120×50×3, ಅಂದರೆ 18 ಲೀಟರ್. ಪೈಪುಗಳಲ್ಲಿದ್ದ ನೀರು ಬೇರೆ. ಸಂಪಿನಲ್ಲಿ ಇಷ್ಟಕ್ಕೂ ಜಾಗ ಬಿಟ್ಟು, ಅದರ ಮೇಲೆ ಇನ್ನೂ ಸ್ವಲ್ಪ ಬಿಡಬೇಕು. ರೆಫ್ಯೂಜಿಯಂ ದೊಡ್ಡದಿರಲಿ ಅನ್ನುವ ಆಸೆಗೆ ಸಂಪನ್ನು ಕಂಠದವರೆಗೆ ತುಂಬಿಸುವವರಿದ್ದಾರೆ. ಹಾಗೆ ಮಾಡಬೇಡಿ. ಎಲ್ಲ ಕಟ್ಟಿದ ಮೇಲೆ ಬರೀ ಸಿಹಿನೀರು ತುಂಬಿ, ಹತ್ತು ಸಲ ಸ್ವಿಚ್ ಆರಿಸಿ, ಹಾಕಿ ನೋಡಿ. ಯುಪಿಎಸ್ ಇದ್ದರೆ ಅದಕ್ಕೆ ಮೊದಲು ಟ್ಯಾಂಕಿನೊಳಗೆ ನೀರು ಕದಡುವ ಪಂಪನ್ನು ಜೋಡಿಸಿ. ರೆಫ್ಯೂಜಿಯಂ ಲೈಟ್ ಕೆಲವು ಗಂಟೆ ಆರಿದರೆ ಏನೂ ಆಗುವುದಿಲ್ಲ.

ಸಂಪೇ ಇಲ್ಲ. ನನಗೆ ದಾರಿ ಇಲ್ಲವಾ?

ಇದೆ. ಹಿಂದಿನ ಗಾಜಿಗೆ ನೇತುಹಾಕುವ ಪೆಟ್ಟಿಗೆ ಸಿಗುತ್ತದೆ. ನಾನು ಶುರು ಮಾಡಿದ್ದೂ ಅದರಲ್ಲೇ. 100 ಲೀಟರ್ ಒಳಗಿನ ಟ್ಯಾಂಕಿಗೆ ಪರವಾಗಿಲ್ಲ. ಗೋಡೆಗೂ ಟ್ಯಾಂಕಿಗೂ ನಡುವೆ ಕನಿಷ್ಠ ಒಂದು ಗೇಣು ಜಾಗ ಬೇಕು. ಅದರ ಲೈಟ್ ಡಿಸ್‌ಪ್ಲೇಯ ಹಿಂದಿನ ಗಾಜಿಗೂ ಬಿದ್ದು ಅಲ್ಲೂ ಪಾಚಿ ಎಬ್ಬಿಸುತ್ತದೆ. ಅಲ್ಲಿ ಕಪ್ಪು ಹಾಳೆ ಅಂಟಿಸಿ.

ಪಕ್ಕದಲ್ಲಿ, ಅದೇ ಎತ್ತರದಲ್ಲಿ ಇಟ್ಟರೆ?

ನೋಡಲು ಬಹಳ ಚೆಂದ. ಮಕ್ಕಳಿರುವ ಮನೆಯಲ್ಲಂತೂ ರಾತ್ರಿ ಟಾರ್ಚ್ ಹಿಡಿದು ಆ ಗಾಜನ್ನು ನೋಡುವುದೇ ಒಂದು ಹಬ್ಬ. ಆದರೆ ನೀರು ಒಂದು ಕಡೆಗೆ ಇಳಿಯಲು ಎತ್ತರದ ವ್ಯತ್ಯಾಸ ಬೇಕೇ ಬೇಕು. ರೆಫ್ಯೂಜಿಯಂ ಅನ್ನು ನಾಲ್ಕೈದು ಇಂಚು ಎತ್ತರಿಸಿ, ಅದರ ನೀರು ಡಿಸ್‌ಪ್ಲೇಗೆ ಬೀಳುವ ಹಾಗೆ ಮಾಡಿ. ಎರಡೂ ಒಂದೇ ಮಟ್ಟದಲ್ಲಿಟ್ಟು ನೀರು ತರಲು ಒಂದು ಪಂಪ್, ಕಳಿಸಲು ಒಂದು ಪಂಪ್ ಇಡುವ ಯೋಚನೆ ಬೇಡ. ಎರಡು ಪಂಪುಗಳ ವೇಗ ಒಂದೇ ಇರುವುದಿಲ್ಲ. ಯಾವುದೋ ಒಂದು ಉಕ್ಕುತ್ತದೆ.

ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇಟ್ಟು ಬಿಸಿಲಿಗೇ ಬೆಳೆಸಬಹುದಾ?

ಬಿಸಿಲಿಗೆ ದುಡ್ಡು ಕೊಡಬೇಕಿಲ್ಲ, ಪಾಚಿ ಚೆನ್ನಾಗಿ ಬೆಳೆಯುತ್ತದೆ. ಆದರೆ ನೀರೂ ಕಾಯುತ್ತದೆ. ನಾವು ಟ್ಯಾಂಕನ್ನು 25, 26 ಡಿಗ್ರಿಯಲ್ಲಿ ಹಿಡಿದಿಡಲು ಒದ್ದಾಡುತ್ತೇವೆ. ಏಪ್ರಿಲ್ ಬಿಸಿಲಿಗೆ ಚಿಕ್ಕ ಟ್ಯಾಂಕ್ ಇಟ್ಟು ಆ ನೀರನ್ನು ಹವಳಕ್ಕೆ ಕಳಿಸಿದರೆ ಚಿಲ್ಲರ್ ಕೆಲಸ ಹೆಚ್ಚುತ್ತದೆ. ನೇರ ಬಿಸಿಲು ಬೀಳದ ಯುಟಿಲಿಟಿ ಡಿಸ್‌ಪ್ಲೇಯ ಗೋಡೆಗೆ ಹೊಂದಿಕೊಂಡೇ ಇದ್ದರೆ ಒಳ್ಳೆಯ ಜಾಗ. ಪಕ್ಕದಲ್ಲೇ ನಲ್ಲಿ, ನೆಲದಲ್ಲಿ ನೀರು ಹೋಗುವ ತೂತು, ಕೈ ತೊಳೆಯಲು ಸಿಂಕ್. ದೂರವಾದಷ್ಟೂ ಪೈಪು ಉದ್ದ, ತಿರುವು ಜಾಸ್ತಿ, ಪಂಪಿಗೆ ಶ್ರಮ ಜಾಸ್ತಿ. ಬಾಡಿಗೆ ಮನೆಯಾದರೆ ಗೋಡೆಗೆ ತೂತು ಕೊರೆಯುವ ಮೊದಲು ಓನರನ್ನು ಕೇಳಿ.

ಲೈಟ್ ಯಾವಾಗ ಉರಿಯಬೇಕು?

ಡಿಸ್‌ಪ್ಲೇ ಲೈಟ್ ಆರಿದಾಗ. ಹಗಲಲ್ಲಿ ಹವಳದೊಳಗಿನ ಪಾಚಿ ಇಂಗಾಲದ ಡೈಆಕ್ಸೈಡ್ ಬಳಸುತ್ತದೆ. ರಾತ್ರಿ ಎಲ್ಲವೂ ಉಸಿರಾಡಿ ಅದನ್ನು ನೀರಿಗೆ ಬಿಡುತ್ತವೆ, ಪಿಎಚ್ ಇಳಿಯುತ್ತದೆ. ಆ ಹೊತ್ತಿಗೆ ಕೆಳಗೆ ರೆಫ್ಯೂಜಿಯಂ ಬೆಳಗಿದರೆ ಇಳಿತ ಅಷ್ಟು ಕಡಿದಾಗಿರುವುದಿಲ್ಲ. ದಿನಕ್ಕೆ 10ರಿಂದ 12 ಗಂಟೆ ಸಾಕು. ಜಾಗ ಆರಿಸುವಾಗ ಇದನ್ನೂ ಯೋಚಿಸಿ. ಬೆಡ್‌ರೂಮಿನಲ್ಲಿ ಮೇಲೆ ಇಟ್ಟರೆ ರಾತ್ರಿಯಿಡೀ ನೇರಳೆ ಬೆಳಕು. ಕ್ಯಾಬಿನೆಟ್ ಒಳಗಿದ್ದರೆ ಬಾಗಿಲು ಮುಚ್ಚಿದರಾಯಿತು. ರಿಟರ್ನ್ ಪಂಪಿನ ಭಾಗಕ್ಕೆ ಬೆಳಕು ಸೋರದಂತೆ ಅಡ್ಡ ಗಾಜಿಗೆ ಕಪ್ಪು ಅಕ್ರಿಲಿಕ್ ಕೂರಿಸಿ. ಎಕ್ಸ್‌ಟೆನ್ಶನ್ ಬೋರ್ಡನ್ನು ಮಾತ್ರ ಕ್ಯಾಬಿನೆಟ್ ಒಳಗೆ, ಸಂಪಿನ ನೆತ್ತಿಯ ಮೇಲೆ ಹೊಡೆಯಬೇಡಿ. ಬೋರ್ಡ್ ಹೊರಗಿರಲಿ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕಲಿ. ಆ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕತ್ತರಿಸುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಉಪ್ಪುನೀರಿನ ವಿಷಯದಲ್ಲಿ ಇದು ಜೀವದ ಪ್ರಶ್ನೆ.

ಎಷ್ಟು ದೊಡ್ಡದಿರಬೇಕು?

ಡಿಸ್‌ಪ್ಲೇಯ ಹತ್ತರಲ್ಲಿ ಒಂದು ಭಾಗದಿಂದ ಐದರಲ್ಲಿ ಒಂದು ಭಾಗ ಅನ್ನುವುದು ರೂಢಿ. ಪಾಚಿಗಷ್ಟೇ ಆದರೆ ಚಿಕ್ಕ ಜಾಗ, ಜೋರು ಬೆಳಕು ಸಾಕು. ಪಾಡ್ಸ್ ಬೇಕಾದರೆ ಜಾಗವೇ ಬೇಕು.

ಯಾವ ಪಾಚಿ ಹಾಕಲಿ?

ಕೀಟೊಮಾರ್ಫಾ. ನಾವೆಲ್ಲ ಕೀಟೊ ಅನ್ನುತ್ತೇವೆ. ಹಸಿರು ಶ್ಯಾವಿಗೆ ಸಿಕ್ಕಾಗಿ ಉಂಡೆಯಾದ ಹಾಗಿರುತ್ತದೆ, ಯಾವುದಕ್ಕೂ ಬೇರು ಬಿಡುವುದಿಲ್ಲ, ಕೀಳುವುದು ಸುಲಭ. ಕೌಲರ್ಪ ಇನ್ನೂ ವೇಗವಾಗಿ ಬೆಳೆಯುತ್ತದೆ. ಆದರೆ ಅದು ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಲಿಂಗಾಣುಗಳನ್ನು ಬಿಟ್ಟು, ತಾನು ಬಿಳಿಚಿ ಸತ್ತು, ನೀರನ್ನು ಹಾಲಿನಂತೆ ಮಾಡಿಬಿಡುತ್ತದೆ. ಹೊರಗೆ ಹೋದರೂ ಅಪಾಯವೇ. 1984ರಲ್ಲಿ ಮೊನಾಕೊದ ಸಮುದ್ರ ವಸ್ತುಸಂಗ್ರಹಾಲಯದ ಕೆಳಗೆ, ಸಮುದ್ರದಲ್ಲಿ ಕೌಲರ್ಪ ಟ್ಯಾಕ್ಸಿಫೋಲಿಯಾ ಕಾಣಿಸಿಕೊಂಡಿತು. ಅಲ್ಲಿಂದ ಮೆಡಿಟರೇನಿಯನ್ ಸಮುದ್ರದ ಹಲವು ಕಡೆ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್ ಬಳಿಯ ಹಿನ್ನೀರಿನಲ್ಲೂ ಅದೇ ಪಾಚಿ ಸಿಕ್ಕಿತು. ಅದನ್ನು ಪೂರ್ತಿ ತೆಗೆಯಲು 2006ರವರೆಗೆ ಹೆಣಗಿದರು. ಹಾಗಾಗಿ ಕಿತ್ತ ಪಾಚಿ ಯಾವುದೇ ಇರಲಿ, ಚರಂಡಿಗೆ, ಕೆರೆಗೆ, ಸಮುದ್ರಕ್ಕೆ ಹಾಕಬೇಡಿ. ಒಣಗಿಸಿ ಹಸಿಕಸಕ್ಕೆ ಹಾಕಿ.

ಪಾಚಿ, ಕಲ್ಲು ಎಲ್ಲ ನಮ್ಮ ಕರಾವಳಿಯಿಂದಲೇ ತರಬಹುದಲ್ವಾ?

ಕಲ್ಲಿನ ಮಾತು ಬಿಟ್ಟುಬಿಡಿ, ರೀಫ್ ಕಲ್ಲು ಹೆಚ್ಚಾಗಿ ಸತ್ತ ಹವಳದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟಕ್ಕೆ 2001ರಲ್ಲಿ ಹವಳಗಳು ಸೇರಿವೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದು ಅಲ್ಲೇ ಇರಲಿ, ಡೈವ್ ಮಾಡಿ ನೋಡಿ ಬನ್ನಿ. ಪಾಚಿಯ ವಿಷಯಕ್ಕೆ ಬಂದರೆ, ನಮ್ಮ ಕರಾವಳಿಯ ಬಂಡೆಗಳ ಮೇಲೂ ಕೀಟೊಮಾರ್ಫಾ ಕುಲದ ಪಾಚಿ ಇದೆ. ಆದರೆ ಅದು ಅಲೆ ಬಡಿಯುವ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಜಾತಿ, ಪೆಟ್ಟಿಗೆಯಲ್ಲಿ ಉಂಡೆಯಾಗಿ ಉರುಳುತ್ತಾ ಬದುಕುವುದು ಕಷ್ಟ. ಟ್ಯಾಂಕ್ ಇಟ್ಟಿರುವ ಇನ್ನೊಬ್ಬರನ್ನು ಕೇಳಿ. ಚೆನ್ನಾಗಿ ನಡೆಯುವ ರೆಫ್ಯೂಜಿಯಂ ಇದ್ದವರ ಹತ್ತಿರ ಪ್ರತಿ ವಾರ ಕೊಡಲು ಒಂದು ಹಿಡಿ ಇದ್ದೇ ಇರುತ್ತದೆ.

ನೈಟ್ರೇಟ್ ಸೊನ್ನೆಗೆ ಬಂದಿದೆ. ಒಳ್ಳೆಯದೇ ತಾನೇ?

ಅಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದರೆ ಹವಳ ಬಿಳಿಚುತ್ತದೆ, ಕೀಟೊ ಕೂಡ ಹಸಿದು ಸೊರಗುತ್ತದೆ. ಮರಳಿನ ಮೇಲೆ ಕಂದು ಲೋಳೆಯಾಗಿ ಡೈನೊಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ ಏಳುವುದೂ ಇಂಥ ಸಮಯದಲ್ಲೇ. ಲೈಟ್ ಎರಡು ಮೂರು ಗಂಟೆ ಕಡಿಮೆ ಮಾಡಿ, ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ. ನಾನು ನೈಟ್ರೇಟ್ 5 ಪಿಪಿಎಂ ಆಸುಪಾಸು ಇಟ್ಟುಕೊಳ್ಳುತ್ತೇನೆ.

ಮೇಲಿದ್ದ ರೆಫ್ಯೂಜಿಯಂ ಅನ್ನು ಸಂಪಿಗೆ ಸ್ಥಳಾಂತರಿಸಬೇಕು. ಹೇಗೆ?

ಒಂದೇ ದಿನ ಎಲ್ಲ ಮಾಡಬೇಡಿ. ಮೊದಲು ಅರ್ಧ ಕೀಟೊ ಕೆಳಗೆ ಹಾಕಿ, ಎರಡು ವಾರ ಎರಡೂ ನಡೆಯಲಿ. ಹಳೆಯ ಮರಳನ್ನು ಕೆದಕಿ ಸುರಿಯಬೇಡಿ, ಒಳಗೆ ವರ್ಷಗಳ ಕಸ ಇರುತ್ತದೆ. ಹೊಸ ಮರಳಿನ ಮೇಲೆ ಹಳೆಯದರ ಮೇಲ್ಪದರ ಒಂದು ಚೊಂಬಿನಷ್ಟು ಹಾಕಿದರೆ ಸಾಕು.

ಕೀಟೊವನ್ನು ಎತ್ತಿದ ಕೂಡಲೇ ಹಿಂಡಬೇಡಿ. ಬಕೆಟ್ಟಿನಲ್ಲಿ ಟ್ಯಾಂಕ್ ನೀರು ತೆಗೆದುಕೊಂಡು, ಉಂಡೆಯನ್ನು ಅದರಲ್ಲಿ ಮುಳುಗಿಸಿ, ಬಟ್ಟೆ ಜಾಲಾಡಿದ ಹಾಗೆ ನಾಲ್ಕೈದು ಸಲ ಅಲ್ಲಾಡಿಸಿ. ನೀರು ಕಂದಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬಗ್ಗಿ ನೋಡಿ. ಆಂಫಿಪಾಡ್‌ಗಳು ಮಗ್ಗುಲಾಗಿ ಈಜುತ್ತಿರುತ್ತವೆ, ಕೊತ್ತಂಬರಿ ಬೀಜದಷ್ಟು ದೇಹದ ಬ್ರಿಟಲ್ ಸ್ಟಾರ್ (ನಕ್ಷತ್ರಮೀನಿನ ಹತ್ತಿರದ ಸಂಬಂಧಿ) ಕೂದಲಿನಂಥ ಕೈಗಳಿಂದ ಬಕೆಟ್ಟಿನ ಗೋಡೆ ಹತ್ತುತ್ತಿರುತ್ತದೆ. ಗಸಿ ತಳಕ್ಕೆ ಕೂತ ಮೇಲೆ ಮೇಲಿನ ನೀರನ್ನು ಮೆಲ್ಲಗೆ ಹೊಸ ರೆಫ್ಯೂಜಿಯಂಗೆ ಬಸಿಯಿರಿ. ಗೋಡೆಗೆ ಅಂಟಿಕೊಂಡವನ್ನು ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ ಅದಕ್ಕೇ ಸೇರಿಸಿ. ರಿಟರ್ನ್ ಪಂಪನ್ನು ಹತ್ತು ನಿಮಿಷ ಆರಿಸಿಡಿ, ಅವು ಕಲ್ಲಿನ ಸಂದು ಹುಡುಕಿಕೊಂಡು ಒಳಗೆ ಸೇರಿಕೊಳ್ಳುತ್ತವೆ.